ಓಣಿಗೊಬ್ಬ ಮಹಾಂತಪ್ಪ

ನಮ್ಮ ಕಡೆ ಓಣಿಗೊಬ್ಬ ಮಹಾಂತಪ್ಪ ಸಿಗ್ತಾನೆ. ದೇಶನೂರಲ್ಲಿ ನಿಂತು ‘ಮಹಾಂತಪ್ಪಾ’ ಅಂತ ಕೂಗಿದ್ರೆ ಮೂರು ಮನೆಯಿಂದ ‘ಓ’ ಅಂತಾರೆ. ಹಾಗಾಗಿ ಅಮೆರಿಕದ ಒಂದು ಜಾಜ್ ಆಲ್ಬಮ್ ಮೇಲೆ ‘ರುದ್ರೇಶ್ ಮಹಾಂತಪ್ಪ’ ಅನ್ನೋ ಹೆಸರು ಕಂಡಾಗ ನಂಗೆ ಮೊದಲು ಬಂದದ್ದು ನಗು. ಸಿರುಗುಪ್ಪ ಬಸ್‌ಸ್ಟ್ಯಾಂಡಲ್ಲಿ ಸಿಗಬೇಕಾದ ಹೆಸರಿಗೆ ಅಲ್ಲೇನು ಕೆಲಸ?

ಆಗ ನಾನು ಬಿಇ ಮುಗಿಸಿ ಬೆಂಗಳೂರಿಗೆ ಬಂದು ಎರಡು ವರ್ಷ ಆಗಿತ್ತು. ಆಫೀಸಲ್ಲಿ ವಾರಕ್ಕೆರಡು ದಿನ ಉಚ್ಚಾರಣೆ ತಿದ್ದೋ ಕ್ಲಾಸು. ಫೋನಲ್ಲಿ ಕ್ಲೈಂಟ್ ಜೊತೆ ಮಾತಾಡುವಾಗ ನಮ್ಮ ಇಂಗ್ಲಿಷಲ್ಲಿ ಊರಿನ ರಾಗ ಕೇಳಿಸಬಾರದು ಅನ್ನೋದು ಅದರ ಉದ್ದೇಶ. ಹೋಗಲಿ, ಕನ್ನಡದಲ್ಲಾದ್ರೂ ಆರಾಮಾಗಿ ಮಾತಾಡೋಣ ಅಂದ್ರೆ ‘ನೀವು ತೆಲುಗಿನವರಾ?’ ಅಂತ ಕೇಳೋರು. ಆಂಧ್ರದ ಗಡಿಗೆ ಅಂಟಿಕೊಂಡ ತಾಲ್ಲೂಕು ನಮ್ಮದು, ಈ ಪ್ರಶ್ನೆ ಹೊಸದಲ್ಲ. ಆದ್ರೆ ‘ಇಲ್ಲಪ್ಪ, ನಂದೂ ಕನ್ನಡಾನೇ’ ಅಂತ ಹೇಳೀ ಹೇಳೀ ಸಾಕಾಗಿ, ಮೀಟಿಂಗಲ್ಲಿ ಬಾಯಿ ಬಿಡೋದೇ ಕಡಿಮೆ ಮಾಡಿದ್ದೆ.

ಅಂಥ ಹೊತ್ತಲ್ಲಿ ಈ ಮಹಾಂತಪ್ಪನ 2004ರ ಆಲ್ಬಮ್ ‘ಮದರ್ ಟಂಗ್’ ಸಿಕ್ತು. ಈತ 1971ರಲ್ಲಿ ಇಟಲಿಯಲ್ಲಿ ಹುಟ್ಟಿ, ಅಮೆರಿಕದ ಕೊಲರಾಡೋದಲ್ಲಿ ಬೆಳೆದ ಕರ್ನಾಟಕ ಮೂಲದ ಮನೆಯ ಹುಡುಗ. ನುಡಿಸೋದು ಆಲ್ಟೋ ಸ್ಯಾಕ್ಸೋಫೋನು. ಅಲ್ಲಿನವರು ಭಾರತೀಯರನ್ನ ‘ನೀವು ಇಂಡಿಯನ್ ಮಾತಾಡ್ತೀರಾ?’ ಅಂತ ಕೇಳ್ತಾರಂತೆ, ಇಂಡಿಯನ್ ಅನ್ನೋ ಒಂದು ಭಾಷೆ ಇದೆ ಅನ್ನೋ ಹಾಗೆ. ಈತ ಅದಕ್ಕೆ ಸಿಟ್ಟಾಗಿ ಭಾಷಣ ಮಾಡಲಿಲ್ಲ. ಬೇರೆ ಬೇರೆ ಭಾಷೆಯವರಿಂದ ಆ ಪ್ರಶ್ನೆಗೆ ಅವರವರ ಭಾಷೆಯಲ್ಲೇ ಉತ್ತರ ಹೇಳಿಸಿ, ಆ ಮಾತಿನ ಏರಿಳಿತವನ್ನೇ ಸ್ವರವಾಗಿ ಬರೆದುಕೊಂಡು ಟ್ಯೂನ್ ಕಟ್ಟಿದ. ತಮಿಳು, ತೆಲುಗು, ಕೊಂಕಣಿ... ಒಂದಕ್ಕೆ ‘ಕನ್ನಡ’ ಅಂತಲೇ ಹೆಸರು.

ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಬಸ್ಸಿನ ಕಿಟಕಿ ಪಕ್ಕ ಕೂತು ಅದನ್ನ ಎಷ್ಟು ಸಲ ಕೇಳಿದ್ದೀನೋ ಲೆಕ್ಕ ಇಲ್ಲ. ಮೊದಮೊದಲು ತಲೆಬುಡ ಗೊತ್ತಾಗಲಿಲ್ಲ. ಆಮೇಲೆ ಹೊಳೀತು: ಕ್ಲಾಸಲ್ಲಿ ನನ್ನ ಬಾಯಿಂದ ತೆಗೆದುಹಾಕಿ ಅಂತಿದ್ದ ಆ ರಾಗವನ್ನೇ ಈ ಮನುಷ್ಯ ಬಂಡವಾಳ ಮಾಡಿಕೊಂಡಿದ್ದ.

ಈತನನ್ನ ಹಿಡಿದು ಹೋದ್ರೆ ಕದ್ರಿ ಗೋಪಾಲನಾಥರ ಹತ್ತಿರ ಬಂದು ನಿಲ್ತೀವಿ. ರುದ್ರೇಶ್ ಬರ್ಕ್ಲಿಯಲ್ಲಿ ಜಾಜ್ ಕಲಿಯುವಾಗ ಅವರಣ್ಣ ತಮಾಷೆಗೆ ಅಂತ ಒಂದು ಸಿ.ಡಿ. ಕೊಟ್ಟಿದ್ದನಂತೆ. ಅದು ಗೋಪಾಲನಾಥರ ‘ಸ್ಯಾಕ್ಸೋಫೋನ್ ಇಂಡಿಯನ್ ಸ್ಟೈಲ್’. ಗೋಪಾಲನಾಥರ ತಂದೆ ನಾಗಸ್ವರ ನುಡಿಸ್ತಿದ್ದವರು. ಮಗ ಮೈಸೂರು ಅರಮನೆಯ ಬ್ಯಾಂಡಲ್ಲಿ ಸ್ಯಾಕ್ಸೋಫೋನ್ ನೋಡಿ ಅದಕ್ಕೆ ಮನಸೋತ್ರು. ತೊಂದರೆ ಏನಂದ್ರೆ, ಆ ವಾದ್ಯದಲ್ಲಿ ಒಂದೊಂದು ಸ್ವರಕ್ಕೂ ಕೀಲಿ ಇರ್ತದೆ. ನಮ್ಮ ಗಮಕ ಹಾಗೆ ಮೆಟ್ಟಿಲು ಹತ್ತಲ್ಲ, ಜಾರ್ತದೆ, ತೂಗ್ತದೆ. ಗೋಪಾಲನಾಥರು ಗಮಕ ಬಿಡಲಿಲ್ಲ, ವಾದ್ಯವನ್ನೇ ತಮಗೆ ಬೇಕಾದ ಹಾಗೆ ಬದಲಾಯಿಸಿಕೊಂಡ್ರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲಿ ನುಡಿಸಿದ್ದು ಅದೇ ಸ್ಯಾಕ್ಸೋಫೋನನ್ನ.

2008ರಲ್ಲಿ ಇಬ್ಬರೂ ಸೇರಿ ‘ಕಿನ್ಸ್‌ಮೆನ್’ ತಂದ್ರು. ಕನ್ಯಾಕುಮಾರಿಯವರ ಪಿಟೀಲು, ಪೂವಲೂರು ಶ್ರೀಜಿ ಅವರ ಮೃದಂಗದ ಪಕ್ಕದಲ್ಲೇ ಗಿಟಾರು, ಡ್ರಮ್ಸು. ಕೇಳಿ ನೋಡಿ. ಒಂದೇ ವಾದ್ಯ, ಎರಡು ಬಾಯಿ. ಹಿರಿಯರದು ಜಾರುವ ನಡೆ, ಕಿರಿಯನದು ಓಡುವ ನಡೆ. ಒಬ್ಬರು ಇನ್ನೊಬ್ಬರ ಥರ ಆಗೋಕೆ ಹೋಗಲ್ಲ, ಹಾಗಿದ್ದೂ ಜೊತೆಗೆ ನಡೀತಾರೆ.

ಇವರಿಬ್ಬರನ್ನೂ ನಾನು ಭೇಟಿ ಆದವನಲ್ಲ. ಗೋಪಾಲನಾಥರು 2019ರ ಅಕ್ಟೋಬರಲ್ಲಿ ತೀರಿಕೊಂಡ್ರು. ಆದ್ರೂ ಅವರಿಂದ ಕಲಿತೆ ಅಂತಲೇ ಹೇಳ್ತೀನಿ. ಇಂಗ್ಲಿಷು ನಂಗೆ ಪರದೇಶದ ವಾದ್ಯ. ಕ್ಲೈಂಟಿಗೆ ಅರ್ಥ ಆಗೋ ಹಾಗೆ ಕೀಲಿ ಒತ್ತೋದು ನನ್ನ ಜವಾಬ್ದಾರಿ, ಅದನ್ನ ಕ್ಲಾಸಲ್ಲಿ ಕಲಿತೆ. ಉಸಿರು ಮಾತ್ರ ದೇಶನೂರಿಂದೇ. ಈಗ ಮೀಟಿಂಗಲ್ಲಿ ನನ್ನ ರಾಗದಲ್ಲೇ ಮಾತಾಡ್ತೀನಿ. ಯಾವ ಪ್ರಾಜೆಕ್ಟೂ ನಿಂತಿಲ್ಲ.

ಮನೇಲಿ ಐದು ವರ್ಷದ ಮಗಳಿದ್ದಾಳೆ. ಕನ್ನಡದಲ್ಲಿ ಕೇಳಿದ್ರೆ ಇಂಗ್ಲಿಷಲ್ಲಿ ಉತ್ತರ ಕೊಡ್ತಾಳೆ. ಇದರ ಚಿಂತೆ ನಂಗೆ ಇದ್ದೇ ಇದೆ. ಆದ್ರೆ ಊರಿಂದ ಅಜ್ಜಿ ಫೋನ್ ಮಾಡಿ ‘ಉಂಡ್ಯೇನವ್ವಾ?’ ಅಂತ ಎಳೆದ್ರೆ, ಇವಳೂ ‘ಯಾ ಅಜ್ಜೀ, ಐ ಏಟ್’ ಅನ್ನೋದನ್ನ ಅಷ್ಟೇ ಉದ್ದ ಎಳೀತಾಳೆ. ರಾಗ ಬಂದಿದೆ, ಪದ ಬರಬೇಕು. ಅದಕ್ಕೇ ಈಗ ದಿನಾ ಸಂಜೆ ಅಜ್ಜಿಗೆ ಫೋನ್ ಮಾಡಿಸ್ತೀನಿ.

ಮೊನ್ನೆ ಊರಿಗೆ ಹೋದಾಗ ಅಮ್ಮನಿಗೆ ಆ ‘ಕನ್ನಡ’ ಅನ್ನೋ ಟ್ಯೂನ್ ಹಾಕಿ ಕೇಳಿಸಿದೆ. ಏನಂತಾಳೋ ಅಂತ ಕಾಯ್ತಾ ಇದ್ದೆ. ಅಕ್ಕಿ ಆರಿಸ್ತಾ ಕೂತಿದ್ದವಳು ಮೊರ ಕೆಳಗಿಟ್ಟು, ಒಂದು ನಿಮಿಷ ಕಿವಿಗೊಟ್ಟು ಅಂದ್ಲು: “ಯಾರೋ ಮಾತಾಡಾಕತ್ತಂಗ ಐತಲ್ಲೋ.”