ಹಳೇ ಬಸ್ಸಿಗೆ ಹೊಸ ಧಣಿಗಳು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದವರು ಇವತ್ತು ರೈಲು ಹತ್ತಬೇಕೆಂದರೆ ಶಿವಮೊಗ್ಗಕ್ಕೋ ತರೀಕೆರೆಗೋ ಹೋಗಬೇಕು. ಎನ್.ಆರ್.ಪುರಕ್ಕೆ ಮಾತ್ರ ಒಂದು ಕಾಲದಲ್ಲಿ ತರೀಕೆರೆಯಿಂದ ಎರಡಡಿ ಅಗಲದ ಹಳಿಯ ಮೇಲೆ ಕಾಡು ಸೀಳಿಕೊಂಡು ಟ್ರಾಮ್ ಬರುತ್ತಿತ್ತು. ಎಡೇಹಳ್ಳಿ ಎಂದಿದ್ದ ಊರಿಗೆ 1915ರಲ್ಲಿ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರು ಬಂತು. ಆ ಹೆಸರು ಉಳಿದಿದೆ, ಟ್ರಾಮ್ ಇಲ್ಲ. ಈಗ ಈ ಮೂರೂ ಊರಿಗೆ ಬಸ್ಸೇ ಗತಿ.

ಬಸ್ಸೇ ಗತಿ ಎಂದರೆ ಏನೆಂದು ಕೊಪ್ಪದಿಂದ ಶೃಂಗೇರಿಗೆ ಹೋಗುವ ದಾರಿಯಲ್ಲಿ, ಆಷಾಢದ ಮಳೆಯಲ್ಲಿ ನೋಡಬೇಕು. ಕಿಟಕಿಗೆ ಇಳಿಬಿಟ್ಟ ಟಾರ್ಪಾಲು ಗಾಳಿಗೆ ಪಟಪಟ ಬಡಿದುಕೊಳ್ಳುತ್ತದೆ, ಬಾನೆಟ್ಟಿನ ಬಿಸಿಗೆ ಒದ್ದೆ ಕೊಡೆಗಳಿಂದ ಹಬೆ ಏಳುತ್ತದೆ. ಹರಿಹರಪುರ ದಾಟಿದ ಮೇಲೆ ತೋಟದ ಗೇಟೊಂದರ ಬಳಿ ನಾನು ಹತ್ತಿದ್ದ ಬಸ್ಸು ನಿಂತಿತು. ಹತ್ತುವವರೂ ಇಲ್ಲ, ಇಳಿಯುವವರೂ ಇಲ್ಲ. ಕಂಡಕ್ಟರ್ ಕೈಚಾಚಿ ಹುಡುಗನೊಬ್ಬನಿಗೆ ಔಷಧಿ ಪೊಟ್ಟಣ ಕೊಟ್ಟ. ರಿಪೇರಿಗೆಂದು ಅವನಿಂದ ಮಿಕ್ಸಿ ಜಾರು ಇಸ್ಕೊಂಡು ಡ್ರೈವರ್ ಸೀಟಿನ ಹಿಂದೆ ಜೋಪಾನವಾಗಿ ಇಟ್ಟ. ರೈಟ್ ಅಂದ. ಯಾರೂ ಗೊಣಗಲಿಲ್ಲ.

ಇಂಥ ದಾರಿಗಳಲ್ಲೇ ‘ಸಹಕಾರ ಸಾರಿಗೆ’ ಎಂಬ ಸಂಸ್ಥೆಯ ಬಸ್ಸುಗಳು ಓಡಿದ್ದು. ಶಂಕರ್ ಬಸ್ ಕಂಪನಿ ಬಾಗಿಲು ಹಾಕಿದಾಗ ಬೀದಿಗೆ ಬಿದ್ದ ಡ್ರೈವರ್, ಕಂಡಕ್ಟರ್, ಮೆಕ್ಯಾನಿಕ್‌ಗಳು ಬರಬೇಕಿದ್ದ ಬಾಕಿಯ ಬದಲಿಗೆ ಬೆರಳೆಣಿಕೆಯ ಹಳೆಯ ಬಸ್ಸುಗಳನ್ನೇ ಪಡೆದು, 1991ರಲ್ಲಿ ಕೊಪ್ಪದಲ್ಲಿ ತಮ್ಮದೇ ಸಹಕಾರ ಸಂಘ ಕಟ್ಟಿದರು. ನನ್ನನ್ನು ಬೆರಗಾಗಿಸುವುದು ಇದೇ. ನಿನ್ನೆವರೆಗೆ ಸಂಬಳಕ್ಕೆ ಸ್ಟೇರಿಂಗ್ ಹಿಡಿದಿದ್ದವನು ಇವತ್ತು ಅದೇ ಬಸ್ಸಿಗೆ ಪಾಲುದಾರ! ಬ್ರೇಕ್ ಲೈನಿಂಗ್ ಸವೆದರೆ ಅದು ಈಗ ಅವನ ಮನೆ ಖರ್ಚು. ಆ ಮುದಿ ಬಸ್ಸುಗಳ ದುಡಿಮೆಯಿಂದ ಹೊಸ ಬಸ್ಸುಗಳು ಬಂದವು. ಸಂಖ್ಯೆ ಎಪ್ಪತ್ತರ ಆಸುಪಾಸಿಗೆ ಏರಿತು.

ಹಳೆಯ ಗಾಡಿಗೆ ಎರಡನೇ ಆಯುಷ್ಯ ಸಿಕ್ಕಿದ ಕತೆಗಳು ಬೇರೆಡೆಯೂ ಇವೆ. ನ್ಯೂಯಾರ್ಕಿನ ಸೆಕೆಂಡ್ ಅವೆನ್ಯೂ ಬೀದಿಯ ಮೇಲೆ, ಉಕ್ಕಿನ ಕಂಬಗಳ ಮೇಲಿನ ಹಳಿಯಲ್ಲಿ ಓಡುತ್ತಿದ್ದ ಮರದ ಬೋಗಿಗಳು ಆ ಮಾರ್ಗ ಮುಚ್ಚಿದ ಮೇಲೆ ಗುಜರಿಗೆ ಹೋಗಬೇಕಿತ್ತು. ಯುದ್ಧ ಬಂತು. ಹತ್ತೊಂಬತ್ತನೆಯ ಶತಮಾನದ ಆ ಬೋಗಿಗಳನ್ನು ದೇಶದ ಆ ತುದಿಗೆ, ಕ್ಯಾಲಿಫೋರ್ನಿಯಾಕ್ಕೆ ಸಾಗಿಸಿ, 1943ರಲ್ಲಿ ರಿಚ್‌ಮಂಡಿನ ಹಡಗುಕಟ್ಟೆಯ ಕೆಲಸಗಾರರನ್ನು ಹೊತ್ತು ತರಲು ಹಚ್ಚಿದರು. ಎರಡು ಬೋಗಿಗಳು ಕ್ಯಾಲಿಫೋರ್ನಿಯಾದ ರೈಲು ವಸ್ತುಸಂಗ್ರಹಾಲಯವೊಂದರಲ್ಲಿವೆ. ಅವುಗಳಿಗೆ ಊರು ಬದಲಾಯಿತು, ಹತ್ತುವವರು ಬದಲಾದರು. ಕೊಪ್ಪದಲ್ಲಿ ದಾರಿ ಅದೇ, ಹತ್ತುವವರು ಅವರೇ, ಓಡಿಸುವವರೂ ಅವರೇ. ಬದಲಾದದ್ದು ಧಣಿ ಮಾತ್ರ. ನನ್ನ ಲೆಕ್ಕದಲ್ಲಿ ಇದೇ ದೊಡ್ಡ ಪ್ರಯಾಣ.

2020ರ ಫೆಬ್ರವರಿಯಲ್ಲಿ, ಲಾಕ್‌ಡೌನ್‌ಗೂ ಮುಂಚೆಯೇ, ಸಹಕಾರ ಸಾರಿಗೆ ನಿಂತಿತು. ಡೀಸೆಲ್ ಬೆಲೆ ಏರುತ್ತ ಹೋಗಿತ್ತು, ನಷ್ಟ ತಾಳಿಕೊಳ್ಳಲಾಗಲಿಲ್ಲ. ಸಹಕಾರಿ ತತ್ವವೇ ಸೋತಿತೆಂದು ಹೇಳುವವರಿದ್ದಾರೆ. ಸುಮಾರು ಮೂವತ್ತು ವರ್ಷ ಘಟ್ಟದ ಮಳೆಯಲ್ಲಿ ಬಸ್ಸು ಓಡಿಸಿದ್ದನ್ನು ಸೋಲೆನ್ನಲು ನನಗಂತೂ ಬಾಯಿ ಬರುವುದಿಲ್ಲ.

ಶೃಂಗೇರಿಯಿಂದ ವಾಪಸು ಬರುವಾಗ ತಿರುವಿನಲ್ಲಿ ಅಜ್ಜಿಯೊಬ್ಬರು ಕೈ ಅಡ್ಡ ಹಾಕಿದರು. "ಸಹಕಾರ ಹೋಯ್ತೇನಾ?"

"ಅದು ನಿಂತು ಎಷ್ಟು ವರ್ಷ ಆಯ್ತು ಮಾರಾಯ್ರೆ! ಹತ್ತಿ ಅಜ್ಜಿ, ಈಗ ಇದೇ" ಅಂದ ಕಂಡಕ್ಟರ್.

ಅಜ್ಜಿ ಹತ್ತಿದರು. ಸೀಟು ಒದ್ದೆ ಎಂದು ಬೈದರು, ಟಿಕೆಟ್ಟಿನ ದರ ಕೇಳಿ ಇನ್ನೊಂದು ಸುತ್ತು ಬೈದರು.