ಒಂದು ಚಮಚ ಈಸ್ಟು, ಉಗುರು ಬೆಚ್ಚಗಿನ ನೀರು

ಸನ್ನದ ಹಿಟ್ಟಿಗೆ ಕಳ್ಳು ಹಾಕಬೇಕು ಅಂತ ಮಂಗಳೂರು ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಮರ ಹತ್ತಿ ಕಳ್ಳು ಇಳಿಸುವವರು ನಮ್ಮೂರಲ್ಲಿ ಈಗ ಸಿಗುವುದಿಲ್ಲ. ಹಾಗಾಗಿ ಕೆಲವು ವರ್ಷಗಳಿಂದ ನಮ್ಮ ಮನೆಯಲ್ಲಿ ಕಳ್ಳಿನ ಜಾಗಕ್ಕೆ ಅಂಗಡಿಯ ಒಣ ಈಸ್ಟ್ ಬಂದು ಕೂತಿದೆ. ರುಚಿ ಅದೇ ಅಲ್ಲ ಬಿಡಿ, ಆ ವಿಷಯದಲ್ಲಿ ಅಮ್ಮನ ಜೊತೆ ವಾದಕ್ಕಿಳಿಯುವ ಧೈರ್ಯ ನಮಗ್ಯಾರಿಗೂ ಇಲ್ಲ. ಹಬ್ಬಕ್ಕೆ ಮೂರು ಮನೆಗಾಗುವಷ್ಟು ಹಿಟ್ಟು ರುಬ್ಬುತ್ತೇವೆ. ಅಷ್ಟೂ ಹಿಟ್ಟು ನಿಂತಿರುವುದು ಒಂದು ಚಮಚ ಕಂದು ಕಾಳಿನ ಮೇಲೆ.

ಕಾಳು ನೋಡಿದರೆ ಸತ್ತಂತೆಯೇ ಇದೆ. ಆದರೆ ಒಂದು ಗ್ರಾಂನಲ್ಲಿ ನೂರಾರು ಕೋಟಿ ಜೀವಕೋಶಗಳಿವೆ! ತೇವಾಂಶ ಶೇಕಡಾ 8ಕ್ಕಿಂತ ಕಡಿಮೆ. ನಮ್ಮ ನಿಮ್ಮ ಜೀವಕೋಶ ಇಷ್ಟು ಒಣಗಿದರೆ ಕತೆ ಮುಗಿದಂತೆ.

ಈಸ್ಟನ್ನು ಕಾಯುವುದು ಹೆಚ್ಚಾಗಿ ಒಂದು ಸಕ್ಕರೆ. ಹೆಸರು ಟ್ರೆಹಲೋಸ್, ಎರಡು ಗ್ಲೂಕೋಸ್ ಕೈ ಹಿಡಿದುಕೊಂಡಂತೆ. (ಅಣಬೆಯಲ್ಲೂ ಇದು ಧಾರಾಳವಾಗಿದೆ.) ನೀರು ಹೋದಾಗ ಖಾಲಿಯಾದ ಜಾಗದಲ್ಲಿ ಇದು ಕೂರುತ್ತದೆ, ಪೊರೆ ಕುಸಿಯದಂತೆ, ಪ್ರೋಟೀನುಗಳು ಒಂದಕ್ಕೊಂದು ಅಂಟದಂತೆ ನೋಡಿಕೊಳ್ಳುತ್ತದೆ. ಒಣಗುತ್ತ ಹೋದಂತೆ ಗಾಜಿನ ಹಾಗೆ ಗಟ್ಟಿಯಾಗಿ, ಒಳಗಿದ್ದದ್ದನ್ನೆಲ್ಲ ಇದ್ದಲ್ಲೇ ನಿಲ್ಲಿಸಿಬಿಡುತ್ತದೆ.

ನಮಗೆ ತುಂಬಾ ಹಿಡಿಸಿದ ಸಂಗತಿ ಬೇರೆಯೇ. ಹೊಟ್ಟೆ ತುಂಬಾ ತಿಂದು ಜೋರಾಗಿ ಬೆಳೆಯುತ್ತಿರುವ ಈಸ್ಟನ್ನು ಒಣಗಿಸಿದರೆ ಹೆಚ್ಚುಕಡಿಮೆ ಎಲ್ಲವೂ ಸಾಯುತ್ತವೆ. ತಿನ್ನಲು ಸಿಗದೆ ಬೆಳವಣಿಗೆ ನಿಲ್ಲಿಸಿದವು ಟ್ರೆಹಲೋಸ್ ಕೂಡಿಟ್ಟುಕೊಂಡಿರುತ್ತವೆ, ಅವೇ ಬದುಕುವುದು. ಕಾರ್ಖಾನೆಯವರಿಗೂ ಇದು ಗೊತ್ತು. ಒಣಗಿಸುವ ಮೊದಲು ಸಾರಜನಕದ ಆಹಾರ ಕಡಿಮೆ ಮಾಡುತ್ತಾರೆ.

ಇನ್ನು ನೀರು. ಒಣಗುವಾಗ ಗಂಡಾಂತರ ಇದೆ ಅಂತ ಎಲ್ಲರೂ ಊಹಿಸುತ್ತಾರೆ, ಆದರೆ ನೀರು ವಾಪಸು ಬರುವ ಗಳಿಗೆಯೂ ಅಷ್ಟೇ ಅಪಾಯದ್ದು. ಒಣಗಿದ ಕೋಶದ ಪೊರೆ ಚಳಿಗಾಲದ ತುಪ್ಪದಂತೆ ಹೆಪ್ಪುಗಟ್ಟಿರುತ್ತದೆ. ಅದರ ಮೇಲೆ ತಣ್ಣೀರು ಸುರಿದರೆ, ಪೊರೆ ಸಡಿಲವಾಗುವ ಹೊತ್ತಿಗೇ ನೀರು ಒಳಗೆ ನುಗ್ಗಿ, ಕೋಶದ ಸಾಮಾನೆಲ್ಲ ಹೊರಗೆ ಸೋರಿಹೋಗುತ್ತದೆ. ಹಾಗೆ ಸೋರುವ ಗ್ಲುಟಾಥಯೋನ್ ಎಂಬ ವಸ್ತು ಗೋಧಿ ಹಿಟ್ಟಿನ ಬಿಗಿಯನ್ನೂ ಕೆಡಿಸುತ್ತದೆ, ಬ್ರೆಡ್ ಮಾಡುವವರಿಗೆ ಅದು ಇನ್ನೊಂದು ತಲೆನೋವು. ನೀರು 40 ಡಿಗ್ರಿ ಆಸುಪಾಸಿನಲ್ಲಿದ್ದರೆ ಪೊರೆ ಬೇಗ ಮೆತ್ತಗಾಗಿ ಸೋರಿಕೆ ತಗ್ಗುತ್ತದೆ. 60 ಡಿಗ್ರಿ ದಾಟಿದರೆ ಬೆಂದೇ ಹೋಗುತ್ತದೆ. ಅಮ್ಮ ಥರ್ಮಾಮೀಟರ್ ಕಂಡವರಲ್ಲ. ಬೆರಳು ಅದ್ದಿ, "ಮಗುವಿಗೆ ಸ್ನಾನ ಮಾಡಿಸಬಹುದು" ಅನ್ನಿಸಿದರೆ ಸಾಕು ಅನ್ನುತ್ತಾರೆ.

ಕರಾವಳಿಯ ಮಳೆಗಾಲ ಮಾತ್ರ ಈಸ್ಟಿಗೆ ಕೆಟ್ಟದ್ದು. ತೆರೆದ ಪೊಟ್ಟಣ ಗಾಳಿಯ ತೇವ ಹೀರುತ್ತದೆ, ಆ ಗಾಜು ಮೆದುವಾಗುತ್ತದೆ. ಎದ್ದೇಳಲು ಸಾಲದ, ನಿದ್ರಿಸಲೂ ಬಿಡದ ಅಷ್ಟು ನೀರು. ಅದಕ್ಕೇ ಬಿಗಿ ಮುಚ್ಚಳದ ಬಾಟಲಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿ ಇಡುತ್ತೇವೆ. ಹಳೆಯದಾಗಿದ್ದರೆ ಅಕ್ಕಿ ರುಬ್ಬುವ ಮೊದಲೇ ಲೋಟದಲ್ಲಿ ಬೆಚ್ಚಗಿನ ನೀರು, ಚಿಟಿಕೆ ಸಕ್ಕರೆ ಹಾಕಿ ನೋಡುವುದು. ಹತ್ತು ಹದಿನೈದು ನಿಮಿಷದಲ್ಲಿ ನೊರೆ ಏಳದಿದ್ದರೆ ಲೋಟದಲ್ಲಿದ್ದದ್ದು ತೆಂಗಿನ ಬುಡಕ್ಕೆ.