ರಾವಣನ ಕಡೆಯವರು

ನಮ್ಮ ಕೂಟಗಲ್ ಕಡೆ ನಾಟಕದ ಪಾರ್ಟು ಪುಕ್ಕಟೆ ಸಿಗುವುದಿಲ್ಲ. ದುಡ್ಡು ಕಟ್ಟಿ ತಗೊಳ್ಳಬೇಕು. ‘ಕುರುಕ್ಷೇತ್ರ’ ಅಂದರೆ ದುರ್ಯೋಧನನ ಪಾರ್ಟಿಗೇ ಜಾಸ್ತಿ ರೇಟು. ಧರ್ಮರಾಯ ಅಗ್ಗ. ಜೀವನವಿಡೀ ಸತ್ಯ ಹೇಳಿದ್ದಕ್ಕೆ ಅವನಿಗೆ ಸಿಕ್ಕ ಬೆಲೆ ಅಷ್ಟು. ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ತಾಲೀಮು ಮಾಡಿಸುತ್ತಾರೆ. ಎಷ್ಟೋ ಮನೆಗಳಲ್ಲಿ ರೇಷ್ಮೆಗೂಡಿನ ದುಡ್ಡು ಕಿರೀಟ, ಗದೆ, ಸೀನರಿ ಬಾಡಿಗೆಗೆ ಹೋಗಿರುತ್ತದೆ.

ಕೆಟ್ಟವರ ಮೇಲೆ ನಮಗೇಕೆ ಇಷ್ಟು ಮೋಹ? ದೂರದಿಂದ ಬಂದವರೂ ಅಷ್ಟೇ. ರಾಮದೇವರ ಬೆಟ್ಟದಲ್ಲಿ ಅವರು ಹುಡುಕುವುದು ರಾಮನನ್ನಲ್ಲ, 1975ರ ‘ಶೋಲೆ’ಯ ಗಬ್ಬರ್ ಸಿಂಗನನ್ನು.

ಕನ್ನಡ ಸಿನಿಮಾ ಬಾಯಿ ಬಿಟ್ಟಿದ್ದೂ ರಾವಣನ ಮನೆಯಲ್ಲೇ. 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಟಾಕೀಸಿನಲ್ಲಿ ತೆರೆಕಂಡ ‘ಸತಿ ಸುಲೋಚನ’ಕ್ಕೆ ನಾಯಕ ಇಂದ್ರಜಿತು, ಅಂದರೆ ನಮ್ಮ ಎಂ.ವಿ. ಸುಬ್ಬಯ್ಯ ನಾಯ್ಡು. ಅಪ್ಪ ರಾವಣನಾಗಿ ಆರ್. ನಾಗೇಂದ್ರರಾಯರು. ಇಂದ್ರಜಿತುವನ್ನು ಕೊಲ್ಲುವ ಲಕ್ಷ್ಮಣ ಯಾರು ಗೊತ್ತೆ? ನಿರ್ದೇಶಕ ವೈ.ವಿ. ರಾವ್ ಅವರೇ! ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. ಹಿನ್ನೆಲೆ ಗಾಯನವಿಲ್ಲದ ಕಾಲ, ನಟನೇ ಹಾಡಬೇಕು. ಮೈಕಿಲ್ಲದೆ ಕೊನೆ ಸಾಲಿನ ಚಾಪೆಯವರೆಗೆ ದನಿ ಮುಟ್ಟಿಸುತ್ತಿದ್ದ ಕಂಪನಿ ನಟರು ಅಲ್ಲಿ ದನಿ ತಗ್ಗಿಸಲು ಎಷ್ಟು ಹೆಣಗಿರಬೇಕೋ.

ಸಿನಿಮಾ ಆಯಿತೆಂದು ನಾಯ್ಡು ರಂಗ ಬಿಡಲಿಲ್ಲ. ನಾಗೇಂದ್ರರಾಯರ ಜೊತೆ ಕಟ್ಟಿದ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿಯ ‘ಭೂಕೈಲಾಸ’ ಜನ ಮುಗಿಬಿದ್ದು ನೋಡಿದ ನಾಟಕ. ಅದು ಎವಿಎಂ ಮೆಯ್ಯಪ್ಪನವರ ಕಣ್ಣಿಗೆ ಬಿದ್ದು 1940ರಲ್ಲಿ ತೆಲುಗು ಸಿನಿಮಾ ಆಯಿತು. ಕನ್ನಡದ ರಾವಣ ನಾಯ್ಡು, ಕನ್ನಡದ ನಾರದ ನಾಗೇಂದ್ರರಾಯರು, ಇಬ್ಬರೂ ತೆಲುಗಿನಲ್ಲಿ ಆತ್ಮಲಿಂಗಕ್ಕೆ ಜಗಳಾಡಿದರು. 1958ರಲ್ಲಿ ಅದೇ ಕತೆ ಕನ್ನಡಕ್ಕೆ ಮರಳಿದಾಗ ರಾವಣನಾದವರು ರಾಜಕುಮಾರ್. ಅವರೂ ಒಂದು ಕಾಲಕ್ಕೆ ನಾಯ್ಡು ಕಂಪನಿಯ ಅನ್ನ ಉಂಡವರೇ. ನಾಯ್ಡು ಒಳ್ಳೆಯವರ ಪಾರ್ಟು ಮಾಡಲಿಲ್ಲವೆಂದಲ್ಲ. 1941ರ ‘ವಸಂತಸೇನಾ’ದಲ್ಲಿ ಪತ್ನಿ ಲಕ್ಷ್ಮೀಬಾಯಿಯವರ ಎದುರು ಚಾರುದತ್ತ, 1943ರಲ್ಲಿ ಸತ್ಯ ಹರಿಶ್ಚಂದ್ರ. ಮಗ ಲೋಕೇಶ್ ಮುಂದೆ ಭೂತಯ್ಯನ ಮಗ ಅಯ್ಯುವಾಗಿ, ಗೆಂಡೆತಿಮ್ಮನಾಗಿ ನಮ್ಮ ಮನೆಯವರೇ ಆಗಿಹೋದರು.

‘ಸತಿ ಸುಲೋಚನ’ದ ಪ್ರಿಂಟು ಮಾತ್ರ ಎಲ್ಲೂ ಉಳಿದಿಲ್ಲ. ಬೆಳ್ಳಿತೆರೆಯ ಮೇಲೆ ಮೊದಲು ಮೊಳಗಿದ ಆ ಕಂಠ ಹೇಗಿತ್ತೆಂದು ಈಗ ಕೇಳಿಸಿಕೊಳ್ಳುವ ದಾರಿಯಿಲ್ಲ. ನನಗಿರುವ ಗುಮಾನಿ ಏನೆಂದರೆ, ಕಂಪನಿ ನಾಟಕಗಳ ಆ ಎಳೆತ, ಆ ಗತ್ತು ಮೇಷ್ಟ್ರಿಂದ ಮೇಷ್ಟ್ರಿಗೆ ದಾಟುತ್ತಾ ಬಂದು ನಮ್ಮೂರಿನ ಯಾವುದೋ ಗಂಟಲಲ್ಲಿ ಕೂತಿದೆ.

ಹೋದ ಸಲದ ನಾಟಕ. ಬೆಳಗಿನ ಜಾವ ತೊಡೆ ಮುರಿದು ಬಿದ್ದ ದುರ್ಯೋಧನ ಕಂದ ಹಾಡಿ ಕಣ್ಣು ಮುಚ್ಚಿದ. ಹಿಂದಿನಿಂದ ಯಾರೋ ‘ಒನ್ಸ್ ಮೋರ್’ ಅಂದರು. ಹೆಣ ಥಟ್ಟನೆ ಎದ್ದು, ಮೀಸೆ ಸರಿಮಾಡಿಕೊಂಡು ಮತ್ತೆ ಹಾಡಿ ಮತ್ತೆ ಸತ್ತಿತು. ಸೂರ್ಯ ಹುಟ್ಟುವ ಹೊತ್ತಿಗೆ ಟೀ ಅಂಗಡಿಯಲ್ಲಿ ಸಿಕ್ಕ. ಕೆನ್ನೆಯಲ್ಲಿ ಇನ್ನೂ ಬಣ್ಣ, ಹೆಗಲ ಮೇಲೆ ಟವೆಲು.

“ಏನಣ್ಣಾ, ತೊಡೆ ಮುರಿದೋನು ಎದ್ ನಿಂತ್ಕಂಡ್ ಹಾಡ್ತೀಯಲ್ಲಾ?” ಅಂದೆ.

“ದುಡ್ ಕಟ್ಟಿರೋನು ನಾನು ಕಣಪ್ಪಾ, ಭೀಮ ಅಲ್ಲ” ಅಂದ.